ಎಲೆಕ್ಟ್ರಿಕ್ ಟ್ರಕ್‌ನಲ್ಲಿ ಹೀಟರ್ ಬಿಸಿಯಾಗದಿದ್ದರೆ, ಕೂಲಂಟ್ ಇಳಿಯುತ್ತಿದ್ದರೆ: ತೊಂದರೆ ಹುಡುಕುವ ಕ್ರಮ

ಡೀಸೆಲ್ ಟ್ರಕ್‌ನಲ್ಲಿ ಕ್ಯಾಬಿನ್ ಹೀಟರ್ ಎಂದರೆ ಎಂಜಿನ್ ಹೇಗೂ ಹೊರಹಾಕುವ ಬಿಸಿಯನ್ನು ಒಳಗೆ ತಿರುಗಿಸಿಕೊಳ್ಳುವ ಏರ್ಪಾಡು. ಎಲೆಕ್ಟ್ರಿಕ್ ಟ್ರಕ್‌ನಲ್ಲಿ ಆ ಸೌಕರ್ಯ ಇಲ್ಲ. ಮೋಟರ್, ಇನ್ವರ್ಟರ್‌ಗಳಿಂದ ಸಿಗುವ ಬಿಸಿ ಕಡಿಮೆ, ಹಾಗಾಗಿ ಕ್ಯಾಬಿನ್‌ಗೆ ಬೇಕಾದ ಬಿಸಿಯನ್ನು ಟ್ರಕ್ ಓಡಿಸುವ ಬ್ಯಾಟರಿಯಿಂದಲೇ ಹುಟ್ಟಿಸಬೇಕು. ಹೀಟರ್ ಕೆಲಸ ಮಾಡುತ್ತಿಲ್ಲ ಎಂಬ ದೂರು ಬಂದಾಗ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಬಿಸಿ ಹುಟ್ಟುತ್ತಿದೆಯೇ? ಹುಟ್ಟಿದ್ದು ಹರಿದು ಬರುತ್ತಿದೆಯೇ? ಬಂದದ್ದು ಗಾಳಿಗೆ ಸೇರುತ್ತಿದೆಯೇ? ಈ ಕ್ರಮ ಬಿಟ್ಟು ಮೊದಲೇ ಹೀಟರ್ ಬದಲಿಸಲು ಹೊರಟರೆ, ಹೊಸ ಹೀಟರ್ ಹಾಕಿದ ಮೇಲೂ ಕ್ಯಾಬಿನ್ ತಣ್ಣಗೇ ಉಳಿಯುವ ಸಾಧ್ಯತೆ ಹೆಚ್ಚು.

ಮೊದಲು ನಿಮ್ಮ ಟ್ರಕ್‌ನಲ್ಲಿ ಯಾವ ಬಗೆಯ ಹೀಟರ್ ಇದೆ ಎಂದು ತಿಳಿದುಕೊಳ್ಳಿ. ಒಂದು ಬಗೆಯಲ್ಲಿ ಪಿಟಿಸಿ ಏರ್ ಹೀಟರ್ (ಬಿಸಿಯೇರಿದಂತೆ ತಾನೇ ಕರೆಂಟ್ ತಗ್ಗಿಸಿಕೊಳ್ಳುವ ಸೆರಾಮಿಕ್ ಹೀಟರ್) ಡ್ಯಾಶ್‌ಬೋರ್ಡ್ ಹಿಂದೆ ಗಾಳಿಯ ದಾರಿಯಲ್ಲೇ ಕೂತಿರುತ್ತದೆ. ಅಲ್ಲಿ ಕ್ಯಾಬಿನ್ ಬಿಸಿಗೂ ಕೂಲಂಟ್‌ಗೂ (ಪೈಪ್‌ಗಳಲ್ಲಿ ಸುತ್ತುತ್ತಾ ಬಿಸಿ ಹೊರುವ ದ್ರವ) ಸಂಬಂಧವೇ ಇಲ್ಲ. ಇನ್ನೊಂದರಲ್ಲಿ ಹೈ ವೋಲ್ಟೇಜ್ ಕೂಲಂಟ್ ಹೀಟರ್ ಇರುತ್ತದೆ. ಅದು ಕೂಲಂಟನ್ನು ಬಿಸಿ ಮಾಡಿ ಹೀಟರ್ ಕೋರ್‌ಗೆ (ಕೂಲಂಟ್‌ನ ಬಿಸಿಯನ್ನು ಕ್ಯಾಬಿನ್ ಗಾಳಿಗೆ ದಾಟಿಸುವ ಪುಟ್ಟ ರೇಡಿಯೇಟರ್) ಕಳಿಸುತ್ತದೆ, ಹಲವು ಟ್ರಕ್‌ಗಳಲ್ಲಿ ಅದೇ ಹೀಟರ್ ಬ್ಯಾಟರಿಯನ್ನೂ ಬೆಚ್ಚಗೆ ಮಾಡುತ್ತದೆ. ಮೂರನೆಯದು ಹೀಟ್ ಪಂಪ್: ಎಸಿ ಗ್ಯಾಸನ್ನೇ ತಿರುಗು ದಾರಿಯಲ್ಲಿ ಓಡಿಸಿ ಹೊರಗಿನ ಗಾಳಿಯಿಂದ ಬಿಸಿ ಎಳೆದುಕೊಳ್ಳುತ್ತದೆ. ಹೀಟ್ ಪಂಪ್ ಇರುವ ಗಾಡಿಯಲ್ಲೂ ಕೊರೆಯುವ ಚಳಿಗೆ ಜೊತೆಗೊಂದು ಪಿಟಿಸಿ ಇರುವುದು ಸಾಮಾನ್ಯ. ಈ ಬರಹ ಹೆಚ್ಚಾಗಿ ಎರಡನೆಯ ಬಗೆಯನ್ನು ಕುರಿತದ್ದು. ಗೊಂದಲ ಹೆಚ್ಚಾಗುವುದು ಅಲ್ಲೇ.

ತೊಂದರೆಯಂತೆ ಕಾಣುವ, ಆದರೆ ತೊಂದರೆಯಲ್ಲದ ಸಂಗತಿಗಳು

ರಾತ್ರಿಯಿಡೀ ಚಳಿಯಲ್ಲಿ ನಿಂತ ಟ್ರಕ್ ಬೆಳಿಗ್ಗೆ ಮೊದಲು ಬ್ಯಾಟರಿಗೆ ಬಿಸಿ ಕೊಟ್ಟು ಆಮೇಲೆ ಕ್ಯಾಬಿನ್ ಕಡೆ ನೋಡಬಹುದು. ಚಾರ್ಜ್ ತೀರಾ ಇಳಿದಿದ್ದರೆ ಕಂಟ್ರೋಲರ್ ಹೀಟರ್ ಪವರನ್ನು ತಾನಾಗಿ ತಗ್ಗಿಸುತ್ತದೆ ಅಥವಾ ಪೂರ್ತಿ ನಿಲ್ಲಿಸುತ್ತದೆ. ಇಕೋ ಮೋಡ್‌ನಲ್ಲೂ ಹಾಗೆಯೇ. ಹೀಟ್ ಪಂಪ್ ಇರುವ ಗಾಡಿಯ ಮುಂಭಾಗದಿಂದ ಬಿಳಿ ಆವಿ ಎದ್ದು, ಕೆಲವು ನಿಮಿಷ ಒಳಗಿನ ಗಾಳಿ ತಣ್ಣಗಾದರೆ ಅದು ಹೊರಗಿನ ಕಾಯಿಲ್ ಮೇಲೆ ಕಟ್ಟಿದ ಹಿಮವನ್ನು ಕರಗಿಸಿಕೊಳ್ಳುತ್ತಿದೆ ಅಷ್ಟೆ. ಚಾರ್ಜ್ ಅರ್ಧಕ್ಕಿಂತ ಮೇಲಿಟ್ಟು, ಇಕೋ ತೆಗೆದು, ಉಷ್ಣತೆ ಗರಿಷ್ಠಕ್ಕೆ ಹಾಕಿ, ಬ್ಲೋವರ್ ಮಧ್ಯಮ ವೇಗದಲ್ಲಿಟ್ಟು ಹದಿನೈದು ನಿಮಿಷ ನೋಡಿದ ಮೇಲೆ ತೊಂದರೆ ಇದೆಯೋ ಇಲ್ಲವೋ ತೀರ್ಮಾನಿಸಿ.

ಕೈ ಹಾಕುವ ಮುನ್ನ

ಕಿತ್ತಳೆ ಬಣ್ಣದ ಕೇಬಲ್ ಎಂದರೆ ಹೈ ವೋಲ್ಟೇಜ್, ಸಾಮಾನ್ಯವಾಗಿ 400 ಅಥವಾ 800 ವೋಲ್ಟ್ ಮಟ್ಟದ್ದು. ಅದರ ಕನೆಕ್ಟರ್ ಬಿಚ್ಚುವುದು, ಹೀಟರ್ ಕಳಚುವುದು, ಹೈ ವೋಲ್ಟೇಜ್ ಫ್ಯೂಸ್ ಮುಟ್ಟುವುದು ಇವೆಲ್ಲ ಅದಕ್ಕೆಂದೇ ತರಬೇತಿ ಪಡೆದವರ ಕೆಲಸ. ಅವರೂ ಗಾಡಿ ಆಫ್ ಮಾಡಿ, ಚಾರ್ಜರ್ ತೆಗೆದು, ಸರ್ವಿಸ್ ಡಿಸ್‌ಕನೆಕ್ಟ್ (ಹೈ ವೋಲ್ಟೇಜ್ ಸಂಪರ್ಕ ಕಡಿಯುವ ಪ್ಲಗ್) ಎಳೆದು, ಬೇರೆಯವರು ಮತ್ತೆ ಹಾಕದಂತೆ ಬೀಗ ಹಾಕಿ, ಇನ್ವರ್ಟರ್ ಕೆಪಾಸಿಟರ್ ಖಾಲಿಯಾಗಲು ತಯಾರಕರು ಹೇಳಿದಷ್ಟು ಹೊತ್ತು (ಸಾಮಾನ್ಯವಾಗಿ 5ರಿಂದ 10 ನಿಮಿಷ) ಕಾದು, ಕೆಲಸ ಮಾಡುವ ಜಾಗದಲ್ಲೇ ಮೀಟರ್ ಇಟ್ಟು ಸೊನ್ನೆ ವೋಲ್ಟ್ ಕಂಡ ಮೇಲೆ ಮುಂದುವರಿಯಬೇಕು. ಸೊನ್ನೆ ತೋರಿಸಿದ ಮೀಟರ್ ಸತ್ತಿಲ್ಲ ಎಂಬುದನ್ನು ಗೊತ್ತಿರುವ ಬೇರೆ ವೋಲ್ಟೇಜ್ ಮೇಲೆ ಮೊದಲೂ ಆಮೇಲೂ ಪರೀಕ್ಷಿಸಿ. ಗ್ಲೌಸ್ 1000 ವೋಲ್ಟ್ ದರ್ಜೆಯದಿರಲಿ. ಪ್ರತಿ ಸಲ ಹಾಕುವ ಮುನ್ನ ಗಾಳಿ ತುಂಬಿಸಿ ಸುತ್ತಿ, ತೂತಿಲ್ಲವೆಂದು ನೋಡಿ.

ಕೂಲಂಟ್ ಮಟ್ಟ ನೋಡುವುದು, ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನ ಮಾಹಿತಿ ತೋರಿಸುವ ಉಪಕರಣ) ಓದುವುದು, ಹೋಸ್ ಬಿಸಿ ಅಳೆಯುವುದು, ಫಿಲ್ಟರ್ ಬದಲಿಸುವುದನ್ನು ಯಾರು ಬೇಕಾದರೂ ಮಾಡಬಹುದು. ತೊಂದರೆ ಯಾವ ಭಾಗದಲ್ಲಿದೆ ಎಂದು ಗುರುತಿಸಲು ಬಹುಪಾಲು ಇಷ್ಟು ಸಾಕು.

ಕೂಲಂಟ್ ಸರಿಯಿದೆಯೇ

ಗಾಡಿ ಪೂರ್ತಿ ತಣ್ಣಗಿರುವಾಗ ಮಟ್ಟ ನೋಡಿ. ಒಂದಕ್ಕಿಂತ ಹೆಚ್ಚು ಟ್ಯಾಂಕ್ ಇರಬಹುದು: ಒಂದು ಬ್ಯಾಟರಿಗೆ, ಒಂದು ಮೋಟರ್ ಮತ್ತು ಇನ್ವರ್ಟರ್‌ಗೆ, ಕೆಲವದರಲ್ಲಿ ಕ್ಯಾಬಿನ್‌ಗೆಂದೇ ಬೇರೊಂದು. ಯಾವುದು ಯಾವುದಕ್ಕೆ ಎಂದು ಮ್ಯಾನುಯಲ್ ನೋಡಿ ಗುರುತು ಹಾಕಿಕೊಳ್ಳಿ. ಎಲ್ಲಕ್ಕೂ ಒಂದೇ ಕೂಲಂಟ್ ಎಂದುಕೊಳ್ಳಬೇಡಿ.

ಬಣ್ಣ ನೋಡಿ ಕೂಲಂಟ್ ಆರಿಸುವುದು ಇಲ್ಲಿ ನಡೆಯುವುದಿಲ್ಲ. ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ; ಒಂದೇ ಗುಲಾಬಿ ಬಣ್ಣದಲ್ಲಿ ಬೇರೆ ಬೇರೆ ರಾಸಾಯನಿಕಗಳು ಸಿಗುತ್ತವೆ. ಡಬ್ಬಿಯ ಮೇಲಿನ ಸ್ಪೆಸಿಫಿಕೇಶನ್ ಸಂಖ್ಯೆ ತಯಾರಕರು ಹೇಳಿದ ಸಂಖ್ಯೆಯೇ ಆಗಿರಬೇಕು. ಕೆಲವು ತಯಾರಕರು ಕರೆಂಟನ್ನು ಬಹಳ ಕಡಿಮೆ ಹಾಯಿಸುವ ಕೂಲಂಟನ್ನೇ ಕೇಳುತ್ತಾರೆ. ಅಂಥದರ ವಾಹಕತೆ ಸೆಂಟಿಮೀಟರಿಗೆ 100 ಮೈಕ್ರೋಸೀಮೆನ್ಸ್ ಆಸುಪಾಸು ಅಥವಾ ಅದಕ್ಕೂ ಕೆಳಗೆ ಇರುತ್ತದೆ. ಮಾಮೂಲಿ ಎಂಜಿನ್ ಕೂಲಂಟ್‌ನದು ಸಾವಿರಗಳಲ್ಲಿ. ಮೊದಲನೆಯದಕ್ಕೆ ಎರಡನೆಯದನ್ನು ಒಂದು ಲೀಟರ್ ಬೆರೆಸಿದರೂ ಅದನ್ನು ಹಾಕಿದ ಉದ್ದೇಶವೇ ಹಾಳಾಗುತ್ತದೆ.

ನಲ್ಲಿ ನೀರು ಖಂಡಿತ ಬೇಡ. ಅದರ ಲವಣಗಳು ಅಲ್ಯೂಮಿನಿಯಂ ತಿನ್ನುತ್ತವೆ, ವಾಹಕತೆ ಏರಿಸುತ್ತವೆ. ಡಿಸ್ಟಿಲ್ಡ್ ನೀರನ್ನೇ ಹಾಕಿದರೂ ಲೆಕ್ಕ ತಪ್ಪುತ್ತದೆ. ಹತ್ತು ಲೀಟರಿನ ಸರ್ಕ್ಯೂಟ್‌ನಲ್ಲಿ ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇದೆ ಎನ್ನಿ. ಅದು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಎರಡು ಲೀಟರ್ ಸೋರಿದ್ದಕ್ಕೆ ಬರೀ ನೀರು ತುಂಬಿದರೆ ಗ್ಲೈಕಾಲ್ 40 ಶೇಕಡಕ್ಕೆ ಇಳಿದು, ಕಾವಲು ಸುಮಾರು ಮೈನಸ್ 24ಕ್ಕೆ ಬಂದು ನಿಲ್ಲುತ್ತದೆ. ಹಾಗೆಂದು ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಅಲ್ಲ. 60 ಶೇಕಡಕ್ಕೆ ಮೈನಸ್ 50ರ ಆಚೆ ಹೋಗುತ್ತದೆ, ಆದರೆ ನೀರೇ ಇಲ್ಲದ ಶುದ್ಧ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಗಟ್ಟಿಯಾಗುತ್ತದೆ. ಗ್ಲೈಕಾಲ್ ಹೆಚ್ಚಾದಂತೆ ದ್ರವ ದಪ್ಪವಾಗಿ ಪಂಪ್‌ಗೂ ಭಾರ, ಬಿಸಿ ಹೊರುವ ಶಕ್ತಿಯೂ ಕಡಿಮೆ. ರಿಫ್ರಾಕ್ಟೋಮೀಟರ್‌ನಲ್ಲಿ (ಗ್ಲೈಕಾಲ್ ಎಷ್ಟಿದೆ ಎಂದು ತೋರಿಸುವ ಉಪಕರಣ) ಎರಡು ಹನಿ ಬಿಟ್ಟು ಓದಿ. ಎಥಿಲೀನ್ ಗ್ಲೈಕಾಲ್, ಪ್ರಾಪಿಲೀನ್ ಗ್ಲೈಕಾಲ್ ಎರಡಕ್ಕೂ ಬೇರೆ ಬೇರೆ ಗೀಟು ಇರುತ್ತದೆ, ಸರಿಯಾದುದನ್ನೇ ನೋಡಿ. ಬೆಳಗಿನ ಜಾವ ಮಾತ್ರ ಹೀಟರ್ ಬರದೆ, ಹೊತ್ತೇರಿದ ಮೇಲೆ ತಾನಾಗಿ ಸರಿಹೋಗುವ ಗಾಡಿಯಲ್ಲಿ ಈ ಪರೀಕ್ಷೆ ಮೊದಲು ಮಾಡಿ. ನೀರು ಹೆಚ್ಚಿ ತೆಳುವಾದ ಕೂಲಂಟ್, ಪೈಪ್ ಒಡೆಯುವ ಮೊದಲೇ, ಹೀಟರ್ ಕೋರ್‌ನ ಸಣ್ಣ ದಾರಿಗಳಲ್ಲಿ ಹಿಮದ ಗಸಿಯಾಗಿ ಸಿಕ್ಕಿಕೊಳ್ಳುತ್ತದೆ.

ಎರಡು ಹೋಸ್‌ಗಳ ನಡುವಿನ ಡಿಗ್ರಿ

ಸ್ಕ್ಯಾನರ್‌ನಲ್ಲಿ ನಾಲ್ಕು ಸಾಲು ತೆರೆದಿಡಿ: ಹೀಟರ್ ಎಳೆಯುತ್ತಿರುವ ಪವರ್, ಕೂಲಂಟ್ ಒಳಬರುವ ಉಷ್ಣತೆ, ಹೊರಹೋಗುವ ಉಷ್ಣತೆ, ಪಂಪ್ ವೇಗ. ಪವರ್ ನೇರವಾಗಿ ಕಾಣದಿದ್ದರೆ ವೋಲ್ಟೇಜನ್ನು ಕರೆಂಟ್‌ನಿಂದ ಗುಣಿಸಿ. 400 ವೋಲ್ಟ್‌ನಲ್ಲಿ 12.5 ಆಂಪಿಯರ್ ಎಂದರೆ 5 ಕಿಲೋವ್ಯಾಟ್. ಸೆನ್ಸರ್ ಇಲ್ಲದಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಹೀಟರ್‌ನ ಎರಡೂ ತುದಿ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ.

ಅರ್ಧಕ್ಕರ್ಧ ಮಿಶ್ರಣಕ್ಕೆ ಒಂದು ಸುಲಭ ಲೆಕ್ಕವಿದೆ. ನಿಮಿಷಕ್ಕೆ ಹರಿಯುವ ಲೀಟರ್, ಒಳ–ಹೊರ ಉಷ್ಣತೆಯ ವ್ಯತ್ಯಾಸ, ಜೊತೆಗೆ 0.06, ಈ ಮೂರನ್ನು ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 5 ಕಿಲೋವ್ಯಾಟ್ ಹೀಟರ್ ಪೂರ್ತಿ ಉರಿಯುತ್ತಾ ನಿಮಿಷಕ್ಕೆ 10 ಲೀಟರ್ ಹರಿದರೆ ವ್ಯತ್ಯಾಸ 8 ಡಿಗ್ರಿ ಆಸುಪಾಸು ಇರಬೇಕು. ಅದೇ ಪವರ್‌ನಲ್ಲಿ 27, 28 ಡಿಗ್ರಿ ಕಂಡರೆ ಹರಿವು ನಿಮಿಷಕ್ಕೆ 3 ಲೀಟರಿಗೆ ಕುಸಿದಿದೆ. ಹೀಟರ್‌ನದು ತಪ್ಪಿಲ್ಲ, ಪಂಪ್ ಅಥವಾ ದಾರಿಯದು.

ಪವರ್ ಸೊನ್ನೆ, ವ್ಯತ್ಯಾಸವೂ ಸೊನ್ನೆಯಾಗಿದ್ದರೆ ಬಿಸಿ ಹುಟ್ಟುತ್ತಲೇ ಇಲ್ಲ; ಕರೆಂಟ್ ಕಡೆ ಹೋಗಿ. ಪವರ್ ಹತ್ತಿ, ಅರೆನಿಮಿಷದಲ್ಲಿ ಕಡಿದು, ಮತ್ತೆ ಹತ್ತಿ ಗ್ರಾಫ್ ಗರಗಸದ ಹಲ್ಲಿನ ಹಾಗೆ ಬಂದರೆ ಹೀಟರ್ ಒಳಗಿನ ಕೂಲಂಟ್ ಕದಲದೆ ಅಲ್ಲೇ ಕುದಿಮಟ್ಟಕ್ಕೆ ಏರಿ ರಕ್ಷಣೆಗೆಂದು ಹೀಟರ್ ನಿಲ್ಲುತ್ತಿದೆ ಎಂದರ್ಥ. ಪಂಪ್ ತಿರುಗುತ್ತಿದ್ದೂ ಹೀಗಾದರೆ ಏರ್ ಹಿಡಿದಿದೆ, ಅಂದರೆ ಕೂಲಂಟ್ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಮೊದಲು ಸಂಶಯ ಪಡಿ. ಪವರ್, ವ್ಯತ್ಯಾಸ ಎರಡೂ ಸರಿಯಿದ್ದು ಕ್ಯಾಬಿನ್ ಮಾತ್ರ ತಣ್ಣಗಿದ್ದರೆ ಬಿಸಿ ಬೇರೆ ಕಡೆ ಹೋಗುತ್ತಿದೆ ಅಥವಾ ಗಾಳಿಗೆ ಸೇರುತ್ತಿಲ್ಲ.

ಪಂಪ್, ಏರ್, ವಾಲ್ವ್

ಈ ಪಂಪ್‌ಗಳು 12 ಅಥವಾ 24 ವೋಲ್ಟ್‌ನಲ್ಲಿ ಓಡುವ ಎಲೆಕ್ಟ್ರಿಕ್ ಪಂಪ್‌ಗಳು. ವೇಗವನ್ನು ಕಂಟ್ರೋಲರ್ ಹೇಳುತ್ತದೆ. ಹೇಳಿದ ವೇಗವೂ ಪಂಪ್ ವರದಿ ಮಾಡುವ ವೇಗವೂ ಒಂದೇ ಇದ್ದು, ಕರೆಂಟ್ ಮಾತ್ರ ಎಂದಿಗಿಂತ ಕಡಿಮೆಯಿದ್ದರೆ ಇಂಪೆಲ್ಲರ್ (ಪಂಪ್‌ನ ತಿರುಗುವ ರೆಕ್ಕೆ) ಗಾಳಿಯಲ್ಲಿ ತಿರುಗುತ್ತಿದೆ. ಕರೆಂಟ್ ಹೆಚ್ಚಾಗಿ ವೇಗ ಏಳದಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ಎರಡೂ ಸೊನ್ನೆಯಾದರೆ ಫ್ಯೂಸ್, ರಿಲೇ, ಕನೆಕ್ಟರ್, ಅರ್ತ್ ನೋಡಿ. ಕನೆಕ್ಟರ್ ಬಿಚ್ಚಿದಾಗ ಪಿನ್ ಮೇಲೆ ಹಸಿರು ಪುಡಿ ಕಂಡರೆ ನೀರು ಸೇರಿದೆ. ಜೆ1939 (ಭಾರಿ ವಾಹನಗಳ ಸಂವಹನ ಮಾನದಂಡ) ಪ್ರಕಾರ ದೋಷದ ಕೋಡ್ ಕೊಡುವ ಭಾರಿ ಟ್ರಕ್‌ಗಳಲ್ಲಿ ಕೊನೆಯ ಎಫ್‌ಎಂಐ ಸಂಖ್ಯೆ, ಅಂದರೆ ದೋಷದ ಬಗೆ ಹೇಳುವ ಸಂಖ್ಯೆ, ಗಮನಿಸಿ. 5 ಎಂದರೆ ಕರೆಂಟ್ ಕಡಿಮೆ ಅಥವಾ ವೈರ್ ತುಂಡು, 4 ಎಂದರೆ ವೋಲ್ಟೇಜ್ ಕಡಿಮೆ ಅಥವಾ ಕೆಳಕ್ಕೆ ಶಾರ್ಟ್, 3 ಎಂದರೆ ವೋಲ್ಟೇಜ್ ಹೆಚ್ಚು ಅಥವಾ ಮೇಲಕ್ಕೆ ಶಾರ್ಟ್. ಇವು ಮೂರೂ ವೈರಿಂಗ್ ಕಡೆಯವು. ಅಂಥ ಕೋಡ್ ಬಂದಾಗ ಕೂಲಂಟ್ ಇಳಿಸಬೇಡಿ, ಮೀಟರ್ ತೆಗೆದುಕೊಳ್ಳಿ.

ಏರ್ ಸಿಕ್ಕಿಕೊಂಡರೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಗಾಳಿ ಒಮ್ಮೆ ಬಿಸಿ ಒಮ್ಮೆ ತಣ್ಣಗೆ, ಪಂಪ್‌ನಿಂದ ಕೀರಲು. ಇತ್ತೀಚೆಗೆ ಯಾವುದಾದರೂ ಹೋಸ್ ಬಿಚ್ಚಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಏರ್ ತೆಗೆಯಿರಿ.

ವಾಲ್ವ್ ತೊಂದರೆ ಹೆಚ್ಚು ಮೋಸದ್ದು. ಒಂದೇ ಹೀಟರ್ ಕ್ಯಾಬಿನ್‌ಗೂ ಬ್ಯಾಟರಿಗೂ ಬಿಸಿ ಕೊಡುವ ಕಡೆ ಮೂರು ಅಥವಾ ನಾಲ್ಕು ದಾರಿಯ ವಾಲ್ವ್ ಇರುತ್ತದೆ. ಆಕ್ಚುಯೇಟರ್ (ವಾಲ್ವ್ ತಿರುಗಿಸುವ ಮೋಟರ್) ತಿರುಗಿದೆ ಎಂದು ಸ್ಕ್ಯಾನರ್ ತೋರಿಸುತ್ತದೆ, ಒಳಗಿನ ಪ್ಲಾಸ್ಟಿಕ್ ತಿರುಗಣಿ ಮುರಿದು ಹಾಗೇ ಕೂತಿರುತ್ತದೆ. ಕೋಡ್ ಬರುವುದಿಲ್ಲ. ಸ್ಕ್ಯಾನರ್‌ನಿಂದ ವಾಲ್ವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ, ಹೀಟರ್ ಉರಿಯುತ್ತಿರುವಾಗ ಹೊರಹೋಗುವ ಎರಡೂ ಹೋಸ್‌ಗಳ ಉಷ್ಣತೆ ಅಳೆಯಿರಿ. ಬಿಸಿ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ದಾಟದಿದ್ದರೆ ವಾಲ್ವ್ ಹೋಗಿದೆ. ಕ್ಯಾಬಿನ್ ತಣ್ಣಗಿದ್ದು ಬ್ಯಾಟರಿಯ ಉಷ್ಣತೆ ಕಾರಣವಿಲ್ಲದೆ ಏರುತ್ತಿದ್ದರೆ ಈ ಪರೀಕ್ಷೆಯೇ ಮೊದಲನೆಯದು.

ಗಾಳಿಯ ಕಡೆ

ಹೀಟರ್ ಕೋರ್‌ಗೆ ಹೋಗುವ ಹೋಸ್ ಕೈ ಸುಡುವಷ್ಟಿದ್ದು, ಹೊರಬರುವುದು ತಣ್ಣಗಿದ್ದರೆ ಕೋರ್ ಒಳಗೆ ಹರಿವು ಕಟ್ಟಿದೆ. ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ಬಿಸಿ–ತಣ್ಣನೆಯ ಗಾಳಿ ಬೆರೆಸುವ ಫ್ಲ್ಯಾಪ್ ಸಿಕ್ಕಿಕೊಂಡಿದೆ; ಡ್ಯಾಶ್ ಹಿಂದಿನಿಂದ ಟಿಕ್ ಟಿಕ್ ಸದ್ದು ಬಂದರೆ ಅದರ ಮೋಟರ್‌ನ ಹಲ್ಲು ಮುರಿದಿದೆ. ಲೋ ವೋಲ್ಟೇಜ್ (12 ಅಥವಾ 24 ವೋಲ್ಟ್) ಬ್ಯಾಟರಿ ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ ಸ್ಕ್ಯಾನರ್‌ನಲ್ಲಿ ಫ್ಲ್ಯಾಪ್ ಕ್ಯಾಲಿಬ್ರೇಶನ್ ಮಾಡಿದರೆ ಸಾಕಾಗಬಹುದು. ಧೂಳು ಕಟ್ಟಿದ ಕ್ಯಾಬಿನ್ ಫಿಲ್ಟರ್ ಪಿಟಿಸಿ ಏರ್ ಹೀಟರ್ ಇರುವ ಗಾಡಿಯಲ್ಲಿ ದುಪ್ಪಟ್ಟು ಕೆಡುಕು ಮಾಡುತ್ತದೆ. ಪಿಟಿಸಿಯ ಸೆರಾಮಿಕ್ ಬಿಸಿಯೇರಿದಂತೆ ತನ್ನ ರೆಸಿಸ್ಟೆನ್ಸ್ ಏರಿಸಿಕೊಂಡು ಕರೆಂಟ್ ತಗ್ಗಿಸುತ್ತದೆ, ಗಾಳಿ ಬಾರದಿದ್ದರೆ ಬಿಸಿ ಹೊರಹೋಗದೆ ಪವರ್ ತಾನಾಗಿ ಕುಸಿಯುತ್ತದೆ. ಹೀಟರ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಫಿಲ್ಟರ್ ಎಳೆದು ನೋಡಿ.

ಹೀಟರ್‌ಗೆ ಕರೆಂಟ್ ಬರದಿದ್ದರೆ

ಕೂಲಂಟ್ ಹೀಟರ್‌ಗೆ ಎರಡು ಬಗೆಯ ಸಂಪರ್ಕ ಇರುತ್ತದೆ: ದಪ್ಪ ಹೈ ವೋಲ್ಟೇಜ್, ತೆಳು ಲೋ ವೋಲ್ಟೇಜ್. ತೆಳುವಾದದ್ದರಲ್ಲಿ ಸಪ್ಲೈ, ಅರ್ತ್, ಕಂಟ್ರೋಲರ್ ಜೊತೆ ಮಾತಾಡುವ ಲಿನ್ ಅಥವಾ ಕ್ಯಾನ್ ವೈರ್ ಇವೆ. ಲೋ ವೋಲ್ಟೇಜ್ ಬ್ಯಾಟರಿ ಸೊರಗಿದ್ದರೆ ಹೀಟರ್ ಒಳಗಿನ ಎಲೆಕ್ಟ್ರಾನಿಕ್ಸ್ ಮಾತಾಡುವುದನ್ನೇ ನಿಲ್ಲಿಸಿ, ಕಮ್ಯುನಿಕೇಶನ್ ಫಾಲ್ಟ್ ಹಾಕುತ್ತದೆ. ಆ ಬ್ಯಾಟರಿಯನ್ನು ಲೋಡ್ ಹಾಕಿ ಮೊದಲು ಪರೀಕ್ಷಿಸಿ.

ಹೀಟರ್‌ನ ಎರಡು ಹೈ ವೋಲ್ಟೇಜ್ ಪಿನ್‌ಗಳ ನಡುವೆ ಓಮ್ ಅಳೆದು ಒಳ್ಳೆಯದು, ಕೆಟ್ಟದು ಎನ್ನುವ ಅಭ್ಯಾಸ ಇಲ್ಲಿ ಪ್ರಯೋಜನಕ್ಕೆ ಬಾರದು. ಪಿನ್ ಮತ್ತು ಎಲಿಮೆಂಟ್ ನಡುವೆ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್‌ಗಳಿವೆ, ಅಳತೆ ಅವುಗಳದ್ದಾಗುತ್ತದೆ. ಪಿನ್‌ನಿಂದ ಹೀಟರ್ ಬಾಡಿಗೆ ಇನ್ಸುಲೇಶನ್ ಎಷ್ಟಿದೆ ಎಂಬ ಅಳತೆಯೇ ಉಪಯೋಗದ್ದು. ಅದಕ್ಕೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಬೇಕು. ವೋಲ್ಟೇಜ್ ಆಯ್ಕೆ ತಯಾರಕರು ಹೇಳಿದಂತೆ ಇರಲಿ, ಹೀಟರನ್ನು ಗಾಡಿಯ ಉಳಿದ ಭಾಗದಿಂದ ಬಿಡಿಸಿರಬೇಕು. ಐಎಸ್‌ಒ 6469-3 ಮಾನದಂಡ ಡಿಸಿಗೆ ವೋಲ್ಟಿಗೆ 100 ಓಮ್, ಎಸಿ ಕರೆಂಟ್ (ಏರ್ ಕಂಡಿಷನರ್ ಅಲ್ಲ) ಸೇರಿದ ಕಡೆ ವೋಲ್ಟಿಗೆ 500 ಓಮ್ ಕನಿಷ್ಠ ಎನ್ನುತ್ತದೆ. 400 ವೋಲ್ಟ್ ಗಾಡಿಗೆ 500ರ ಲೆಕ್ಕದಲ್ಲಿ ಅದು 2 ಲಕ್ಷ ಓಮ್. ಅದು ಇಡೀ ಗಾಡಿಯ ಕೊನೆಯ ಗಡಿ. ಆರೋಗ್ಯವಾಗಿರುವ ಹೀಟರ್ ಒಂಟಿಯಾಗಿ ಮೆಗಾ ಓಮ್‌ಗಳಲ್ಲಿ ತೋರಿಸಬೇಕು.

ಪಿ0ಎಎ6, ಅಂದರೆ ಇನ್ಸುಲೇಶನ್ ಕೋಡ್, ಹೀಟರ್ ಆನ್ ಮಾಡಿದಾಗಲೇ ಬಂದು ಆಫ್ ಇದ್ದಾಗ ಬಾರದಿದ್ದರೆ ಹೀಟರ್ ಒಳಗಿನ ಸೀಲ್ ಬಿಟ್ಟು ಕೂಲಂಟ್ ಎಲಿಮೆಂಟ್ ಕಡೆ ನುಗ್ಗಿರುವ ಸಂಶಯ ಪಡಿ. ಅಳೆಯುವಾಗ ಕೂಲಂಟ್ ಒಳಗೇ ಇರಲಿ, ಸಾಧ್ಯವಾದರೆ ಬಿಸಿಯಾಗಿರುವಾಗಲೇ ಅಳೆಯಿರಿ. ಕೂಲಂಟ್ ಇಳಿಸಿ, ಒಣಗಿಸಿ ಅಳೆದರೆ ಕೆಟ್ಟ ಹೀಟರ್ ಕೂಡ ಪಾಸಾಗುತ್ತದೆ. ಎಸಿ ಕಂಪ್ರೆಸರ್ ಆನ್ ಆದಾಗ ಇದೇ ಕೋಡ್ ಬಂದರೆ ಗ್ಯಾಸ್ ಜೊತೆ ತಪ್ಪು ಎಣ್ಣೆ ಸೇರಿರಬಹುದು. ಇಂಥ ಕಂಪ್ರೆಸರ್‌ಗಳಿಗೆ ಸಾಮಾನ್ಯವಾಗಿ ಕರೆಂಟ್ ಹಾಯಿಸದ ಪಿಒಇ ಎಣ್ಣೆ ಬೇಕು. ಮಾಮೂಲಿ ಗಾಡಿಗೆ ಬಳಸಿದ ಸರ್ವಿಸ್ ಯಂತ್ರದ ಹೋಸ್‌ನಲ್ಲಿ ಉಳಿದ ಪಿಎಜಿ ಎಣ್ಣೆ ಕೂಡ ತೊಂದರೆ ಕೊಡುತ್ತದೆ.

ಹೈ ವೋಲ್ಟೇಜ್ ಫ್ಯೂಸ್ ಹೋಗಿದ್ದರೆ ಕಾರಣ ಸಿಗದೆ ಹೊಸದು ಹಾಕಬೇಡಿ. ಹಾಕುವುದೂ ಅದೇ ವೋಲ್ಟೇಜ್‌ನ ಡಿಸಿ ದರ್ಜೆಯದೇ ಆಗಿರಬೇಕು. ಎಸಿ ಕರೆಂಟ್ ದರ್ಜೆಯ ಫ್ಯೂಸ್ ಡಿಸಿಯ ಕಿಡಿಯನ್ನು ನಂದಿಸಲಾರದೆ ಸಿಡಿಯಬಹುದು.

ಕೂಲಂಟ್ ಎಲ್ಲಿಗೆ ಹೋಗುತ್ತಿದೆ

ಹೊರಗಿನ ಸೋರಿಕೆ ಹನಿಯುವುದಕ್ಕಿಂತ ಹೆಚ್ಚಾಗಿ ಒಣಗಿದ ಗುರುತಾಗಿ ಸಿಗುತ್ತದೆ. ಹೋಸ್ ಕ್ಲಿಪ್‌ನ ಕೆಳ ಅಂಚಿನಲ್ಲಿ, ಕ್ವಿಕ್ ಕನೆಕ್ಟರ್‌ನ ತುಟಿಯಲ್ಲಿ ಬಿಳಿ ಅಥವಾ ಕೂಲಂಟ್ ಬಣ್ಣದ ಪೊರೆ, ಬೆರಳಲ್ಲಿ ಉಜ್ಜಿದರೆ ಅಂಟು ಪುಡಿ. ಪ್ರೆಶರ್ ಟೆಸ್ಟರ್ ಹಾಕುವಾಗ ಮುಚ್ಚಳದ ಮೇಲೆ ಬರೆದಿರುವ ಒತ್ತಡ ದಾಟಬೇಡಿ. ಈ ಸರ್ಕ್ಯೂಟ್‌ಗಳ ಮಿತಿ ಎಂಜಿನ್‌ಗಿಂತ ಕಡಿಮೆ ಇರಬಹುದು, ಬ್ಯಾಟರಿಯ ತೆಳು ಕೂಲಿಂಗ್ ಪ್ಲೇಟ್ ಅದೇ ಸಾಲಿನಲ್ಲಿದೆ. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಪರೀಕ್ಷಿಸಿ. ಪ್ಲಾಸ್ಟಿಕ್ ಕನೆಕ್ಟರ್ ಚಳಿಯಲ್ಲಿ ಕುಗ್ಗಿ ಸೋರಿ, ಬಿಸಿಯಲ್ಲಿ ಹಿಗ್ಗಿ ಮುಚ್ಚಿಕೊಳ್ಳುವುದುಂಟು. ಪ್ರಯಾಣಿಕರ ಕಾಲ ಬಳಿ ಸಿಹಿ ವಾಸನೆ, ಗಾಜಿನ ಒಳಗೆ ಜಿಡ್ಡು ಮಂಜು ಬಂದರೆ ಹೀಟರ್ ಕೋರ್ ಸೋರುತ್ತಿದೆ.

ಹೊರಗೆಲ್ಲೂ ಗುರುತಿಲ್ಲದೆ ಮಟ್ಟ ಇಳಿಯುತ್ತಿದ್ದರೆ ಎರಡು ಜಾಗ ಉಳಿಯುತ್ತವೆ. ಒಂದು ಬ್ಯಾಟರಿ ಪ್ಯಾಕ್ ಒಳಗೆ. ಮಟ್ಟ ಇಳಿಯುವುದರ ಜೊತೆ ಇನ್ಸುಲೇಶನ್ ಕೋಡ್ ಕೂಡ ಬಂದರೆ ಗಾಡಿ ಓಡಿಸಬೇಡಿ, ಚಾರ್ಜ್ ಹಾಕಬೇಡಿ. ಕಟ್ಟಡದಿಂದ, ಬೇರೆ ಗಾಡಿಗಳಿಂದ ದೂರ ಬಯಲಲ್ಲಿ ನಿಲ್ಲಿಸಿ ತಯಾರಕರ ಸರ್ವಿಸ್‌ಗೆ ತಿಳಿಸಿ. ಸೆಲ್‌ಗಳ ನಡುವೆ ಕೂಲಂಟ್ ನಿಂತರೆ ಶಾರ್ಟ್ ಆಗಿ ಬೆಂಕಿ ಏಳಲು ಗಂಟೆಗಳೋ ದಿನಗಳೋ ಹಿಡಿಯಬಹುದು, ಈಗ ಏನೂ ಆಗಿಲ್ಲ ಎಂಬುದು ಧೈರ್ಯ ಕೊಡುವ ಮಾತಲ್ಲ.

ಇನ್ನೊಂದು ಚಿಲ್ಲರ್, ಎಸಿ ಗ್ಯಾಸ್‌ನಿಂದ ಕೂಲಂಟನ್ನು ತಣ್ಣಗೆ ಮಾಡುವ ಭಾಗ; ಎರಡರ ನಡುವೆ ಇರುವುದು ತೆಳು ತಗಡು. ಇಲ್ಲಿ ತೂತಾದರೆ ಒತ್ತಡ ಹೆಚ್ಚಿರುವ ಗ್ಯಾಸ್ ಕೂಲಂಟ್‌ಗೆ ನುಗ್ಗುತ್ತದೆ. ಎಸಿ ಓಡುವಾಗ ಟ್ಯಾಂಕ್‌ನಲ್ಲಿ ನಿಲ್ಲದ ಗುಳ್ಳೆ, ಉಕ್ಕಿ ಹೊರಚೆಲ್ಲುವ ಕೂಲಂಟ್, ಮೇಲೆ ಎಣ್ಣೆಯ ಪದರ, ದಿನದಿಂದ ದಿನಕ್ಕೆ ಎಸಿ ದುರ್ಬಲ, ಇಷ್ಟು ಕಂಡರೆ ಏರ್ ತೆಗೆಯುತ್ತಾ ಕೂರಬೇಡಿ. ಎಷ್ಟು ತೆಗೆದರೂ ಮುಗಿಯುವುದಿಲ್ಲ.

ಸೋರಿಕೆ ಮುಚ್ಚುವ ಪುಡಿ, ದ್ರಾವಣಗಳನ್ನು ಹಾಕಲೇಬೇಡಿ. ಚಿಲ್ಲರ್, ಕೂಲಿಂಗ್ ಪ್ಲೇಟ್‌ಗಳ ದಾರಿ ತೂತಿಗಿಂತ ಮೊದಲು ಮುಚ್ಚುತ್ತದೆ.

ತುಂಬುವುದು, ಏರ್ ತೆಗೆಯುವುದು

ವ್ಯಾಕ್ಯೂಮ್ ಫಿಲ್ಲರ್ ಇದ್ದರೆ ಅದನ್ನೇ ಬಳಸಿ. ಪಂಪ್, ವಾಲ್ವ್, ಚಿಲ್ಲರ್, ಬ್ಯಾಟರಿ ಎಲ್ಲ ಸೇರಿ ಪೈಪ್ ಏಳು–ಬೀಳುಗಳಿರುವ ಈ ಸಿಸ್ಟಂಗೆ ಮೇಲಿನಿಂದ ಸುರಿದರೆ ಏರ್ ಉಳಿದೇ ಉಳಿಯುತ್ತದೆ.

1. ಸ್ಕ್ಯಾನರ್‌ನ ಫಿಲ್ ಮೋಡ್ ಅಥವಾ ಸರ್ವಿಸ್ ಮೋಡ್ ಹಾಕಿ, ಎಲ್ಲ ವಾಲ್ವ್‌ಗಳು ಮಧ್ಯಕ್ಕೆ ಬಂದು ಸರ್ಕ್ಯೂಟ್‌ಗಳು ಒಂದಕ್ಕೊಂದು ತೆರೆದುಕೊಳ್ಳುತ್ತವೆ.
2. ವಾತಾವರಣದ ಒತ್ತಡಕ್ಕಿಂತ 80ರಿಂದ 90 ಕಿಲೋಪಾಸ್ಕಲ್ ಕೆಳಗೆ ಎಳೆದು, ಕೆಲವು ನಿಮಿಷ ಬಿಡಿ. ಮುಳ್ಳು ಏರಿದರೆ ಎಲ್ಲೋ ಸೋರುತ್ತಿದೆ. ತುಂಬುವ ಮೊದಲೇ ಸರಿಮಾಡಿ. ಮೆತ್ತನೆಯ ಹೋಸ್ ಚಪ್ಪಟೆಯಾದರೆ ಗಾಬರಿ ಬೇಡ.
3. ತಯಾರಕರು ಹೇಳಿದ ಕೂಲಂಟ್, ಮೊದಲೇ ಬೆರೆಸಿದ್ದು, ಹೀರಿಸಿ. ಎಷ್ಟು ಲೀಟರ್ ಹೋಯಿತು ಎಂದು ಬರೆದಿಡಿ. ಇಳಿಸಿದ್ದಕ್ಕಿಂತ ಕಡಿಮೆ ಹೋದರೆ ಆ ವ್ಯತ್ಯಾಸ ಒಳಗಿರುವ ಏರ್.
4. ಬ್ಲೀಡ್ ಮೋಡ್ ಓಡಿಸಿ. ಪಂಪ್ ವೇಗವಾಗಿ, ನಿಧಾನವಾಗಿ, ನಿಂತು, ಮತ್ತೆ ಓಡುತ್ತದೆ. ನಿಂತ ಕ್ಷಣಗಳಲ್ಲಿ ಗುಳ್ಳೆ ಮೇಲೇರುತ್ತದೆ. ಪಂಪನ್ನು ಒಣಗಿ ಓಡಲು ಬಿಡಬೇಡಿ, ಮಟ್ಟ ಇಳಿದಂತೆ ತುಂಬುತ್ತಿರಿ.

ಹೀಟರ್ ಕೋರ್ ಎತ್ತರದಲ್ಲಿದ್ದರೆ ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಏರ್ ಬೇಗ ಟ್ಯಾಂಕ್‌ಗೆ ಬರುತ್ತದೆ, ಟ್ಯಾಂಕ್ ಮುಂಭಾಗದಲ್ಲಿದ್ದರೆ ಮಾತ್ರ. ಬೇರೆ ಕೂಲಂಟ್ ಬೆರೆತಿದ್ದರೆ ಒಮ್ಮೆ ಇಳಿಸಿ ತುಂಬಿದರೆ ಸಾಲದು. ಡಿಅಯೊನೈಸ್ಡ್ ನೀರಿನಲ್ಲಿ ತೊಳೆದು, ಇಳಿದ ನೀರಿನ ವಾಹಕತೆ ಹೊಸ ನೀರಿನ ಹತ್ತಿರಕ್ಕೆ ಬರುವವರೆಗೆ ಮತ್ತೆ ಮತ್ತೆ ಮಾಡಬೇಕು. ಒಳಗೆ ಉಳಿದ ನೀರು ಕೂಲಂಟನ್ನು ತೆಳು ಮಾಡುವುದರಿಂದ ಕೊನೆಯಲ್ಲಿ ರಿಫ್ರಾಕ್ಟೋಮೀಟರ್ ಮತ್ತೆ ತೆಗೆಯಿರಿ.

ಇಳಿಸಿದ ಎಥಿಲೀನ್ ಗ್ಲೈಕಾಲ್ ಸಿಹಿ, ವಿಷ. ನಾಯಿ ಬೆಕ್ಕು ನೆಕ್ಕಿದರೆ ಸಾಯಬಹುದು. ಮುಚ್ಚಳವಿರುವ ಡಬ್ಬಿಗೆ ಹಾಕಿ, ಚೆಲ್ಲಿದ್ದನ್ನು ಆಗಲೇ ತೊಳೆದು ಒರೆಸಿ.

ಕೆಲಸ ಮುಗಿದ ಮೇಲೆ ಹೀಟರನ್ನು ಪೂರ್ತಿ ಉರಿಸಿ ಅರ್ಧ ಗಂಟೆ ಓಡಿಸಿ, ಸ್ಕ್ಯಾನರ್‌ನ ಆ ನಾಲ್ಕು ಸಾಲು ಮತ್ತೆ ನೋಡಿ. ಒಳ–ಹೊರ ವ್ಯತ್ಯಾಸ ಲೆಕ್ಕಕ್ಕೆ ಹೊಂದಬೇಕು, ಗ್ರಾಫ್ ಸಮವಾಗಿರಬೇಕು. ಗಾಡಿ ರಾತ್ರಿಯಿಡೀ ತಣ್ಣಗಾದ ಮೇಲೆ ಟ್ಯಾಂಕ್ ಮಟ್ಟ ಸ್ವಲ್ಪ ಇಳಿದಿರುವುದು ಸಹಜ, ಗುರುತಿನವರೆಗೆ ತುಂಬಿ. ಎರಡನೆಯ ಬೆಳಿಗ್ಗೆಯೂ ಇಳಿದಿದ್ದರೆ ಅದು ಏರ್ ಅಲ್ಲ, ಸೋರಿಕೆ.